ನಡಾವಳಿಯ ಅಕ್ಷರಗಳು ಪರದೆಯ ಮೇಲೆ ಕೆಟ್ಟು ಕಂಡಾಗ: ತಂತ್ರಾಂಶದ ದೋಷವನ್ನು ಮರುಕಳಿಸಿ ಪತ್ತೆಹಚ್ಚುವ ಕ್ರಮ

ಗ್ರಾಮ ಪಂಚಾಯಿತಿಯ ಸಭಾ ನಡಾವಳಿ, ಗ್ರಾಮ ಸಭೆಯಲ್ಲಿ ಆಯ್ಕೆಯಾದ ಫಲಾನುಭವಿಗಳ ಪಟ್ಟಿ, ತೆರಿಗೆ ಬಾಕಿದಾರರಿಗೆ ಹೊರಡಿಸುವ ನೋಟಿಸು ಮುಂತಾದವುಗಳ ಕರಡು ಇಂದು ಬಹುತೇಕ ಗಣಕಯಂತ್ರದಲ್ಲಿಯೇ ಸಿದ್ಧವಾಗುತ್ತದೆ. ಹೀಗೆ ಸಿದ್ಧಪಡಿಸಿ ಉಳಿಸಿದ ಕಡತವನ್ನು ಮರುದಿನ ತೆರೆದಾಗ ಕನ್ನಡ ಅಕ್ಷರಗಳ ಸ್ಥಾನದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳೋ, ಖಾಲಿ ಚೌಕಗಳೋ, ಅರ್ಥವಿಲ್ಲದ ರೋಮನ್ ಅಕ್ಷರಗಳೋ ಕಾಣಿಸುವುದುಂಟು.

ಇದರಿಂದ ಮೂರು ಬಗೆಯ ಹಾನಿಯಾಗುತ್ತದೆ. ಮೊದಲನೆಯದು, ಬರಹವೇ ನಷ್ಟವಾಗುವುದು. ಎರಡನೆಯದು, ಮರಳಿ ಪಡೆಯಬಹುದಾಗಿದ್ದ ಬರಹವೂ ಆತುರದ ರಿಪೇರಿಯಿಂದ ಶಾಶ್ವತವಾಗಿ ಅಳಿಯುವುದು. ಮೂರನೆಯದು ಇವೆರಡಕ್ಕಿಂತಲೂ ಗಂಭೀರವಾದದ್ದು: ಯಾರೋ ಬೇಕೆಂದೇ ದಾಖಲೆಯನ್ನು ಕೆಡಿಸಿದ್ದಾರೆ ಎಂಬ ಸಂಶಯ ಸಭೆಯಲ್ಲಿ ಹುಟ್ಟಿ, ಸದಸ್ಯರ ಹಾಗೂ ಸಿಬ್ಬಂದಿಯ ನಡುವಿನ ವಿಶ್ವಾಸ ಕದಡುವುದು. ತಂತ್ರಾಂಶದ ದೋಷ ಯಾವುದು, ಮನುಷ್ಯರ ಕೈವಾಡ ಯಾವುದು ಎಂಬುದನ್ನು ಊಹೆಯಿಂದ ತೀರ್ಮಾನಿಸಬೇಕಾದ ಅಗತ್ಯವಿಲ್ಲ. ಅದನ್ನು ಪರೀಕ್ಷೆಯಿಂದ ಕಂಡುಕೊಳ್ಳುವ ಕ್ರಮವೊಂದಿದೆ. ಆ ಕ್ರಮಕ್ಕೆ ಗಣಕಯಂತ್ರದ ವಿಶೇಷ ತರಬೇತಿ ಬೇಕಿಲ್ಲ. ತಾಳ್ಮೆಯೂ ಒಂದು ಹಾಳೆಯೂ ಇದ್ದರೆ ಸಾಕು.

1. ಗಣಕಯಂತ್ರವು ಅಕ್ಷರವನ್ನು ಉಳಿಸುವ ಬಗೆ

ಗಣಕಯಂತ್ರಕ್ಕೆ ಅಕ್ಷರದ ಪರಿಚಯವಿಲ್ಲ. ಅದು ಸಂಖ್ಯೆಗಳನ್ನು ಮಾತ್ರ ಉಳಿಸುತ್ತದೆ. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬುದನ್ನು ಮೊದಲೇ ಗೊತ್ತುಪಡಿಸಿಕೊಂಡ ಕೋಷ್ಟಕಕ್ಕೆ ಸಂಕೇತ ಪದ್ಧತಿ ಎಂದು ಹೆಸರು. ಸೇವ್ ಮಾಡುವ ಕಿಟಕಿಯಲ್ಲಿ ಕಾಣುವ ‘ಎನ್‌ಕೋಡಿಂಗ್’ ಎಂಬ ಪದ ಇದನ್ನೇ ಸೂಚಿಸುತ್ತದೆ.

ಹಳೆಯ ಪದ್ಧತಿಯಲ್ಲಿ ಒಂದು ಅಕ್ಷರಕ್ಕೆ ಒಂದು ಬೈಟ್ ಮಾತ್ರ ಮೀಸಲು. ಒಂದು ಬೈಟಿನಲ್ಲಿ 0ಯಿಂದ 255ರವರೆಗಿನ 256 ಸಂಖ್ಯೆಗಳಷ್ಟೇ ಹಿಡಿಯುತ್ತವೆ. ವಿಂಡೋಸ್‌ನಲ್ಲಿ ‘ಆನ್ಸಿ’ ಎಂದು ಕಾಣಿಸುವ ಆಯ್ಕೆ ಈ ಬಗೆಯದು. ಇಂಗ್ಲಿಷಿಗೆ ಅದು ಸಾಕಾಗುತ್ತದೆ. ಕನ್ನಡಕ್ಕೆ ಅದರಲ್ಲಿ ಸ್ಥಳವೇ ಇಲ್ಲ.

ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ನೀಡಿದ ಪದ್ಧತಿಯೇ ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡವೂ ಸೇರಿತ್ತು. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡಕ್ಕೆ ಮೀಸಲಾಗಿವೆ. ‘ಕ’ ಅಕ್ಷರದ ಸಂಖ್ಯೆ 3221. ಇಷ್ಟು ದೊಡ್ಡ ಸಂಖ್ಯೆಯನ್ನು ಒಂದು ಬೈಟಿನಲ್ಲಿ ಇಡಲಾಗದು. ಆದುದರಿಂದ ‘ಯುಟಿಎಫ್-16’ ಎಂಬ ರೀತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 2 ಬೈಟ್‌ಗಳನ್ನೂ, ‘ಯುಟಿಎಫ್-8’ ಎಂಬ ರೀತಿಯಲ್ಲಿ 3 ಬೈಟ್‌ಗಳನ್ನೂ ಬಳಸಲಾಗುತ್ತದೆ.

ಬರೆಯುವಾಗ ಬಳಸಿದ ಕೋಷ್ಟಕವನ್ನೇ ಓದುವಾಗಲೂ ಬಳಸಿದರೆ ಬರಹ ಸರಿಯಾಗಿ ಕಾಣುತ್ತದೆ. ಕೋಷ್ಟಕ ಬದಲಾದರೆ ಸಂಖ್ಯೆಗಳು ಅವೇ ಇದ್ದರೂ ಅಕ್ಷರಗಳು ಬೇರೆಯಾಗುತ್ತವೆ. ಪರದೆಯ ಮೇಲೆ ಕೆಟ್ಟು ಕಂಡ ಬರಹದ ಹಿಂದೆ ಬಹುತೇಕ ಇರುವುದು ಇಷ್ಟೇ.

2. ಪ್ರಸಿದ್ಧವಾದ ಒಂದು ದೋಷ

ವಿಂಡೋಸ್ ಜೊತೆಯಲ್ಲಿಯೇ ಬರುವ ನೋಟ್‌ಪ್ಯಾಡ್ ಅತ್ಯಂತ ಸರಳವಾದ ಪಠ್ಯ ಸಂಪಾದಕ. ವಿಂಡೋಸ್ 2000 ಮತ್ತು ವಿಂಡೋಸ್ ಎಕ್ಸ್‌ಪಿಗಳ ನೋಟ್‌ಪ್ಯಾಡ್‌ನಲ್ಲಿ ಒಂದು ವಿಚಿತ್ರ ದೋಷವಿತ್ತು. ಹೊಸ ಕಡತದಲ್ಲಿ ‘ಬುಷ್ ಹಿಡ್ ದ ಫ್ಯಾಕ್ಟ್ಸ್’ ಎಂಬ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಎಂಟರ್ ಒತ್ತದೆ ಉಳಿಸಿ, ಮುಚ್ಚಿ, ಮತ್ತೆ ತೆರೆದರೆ ಆ ಸಾಲು ಮಾಯವಾಗಿರುತ್ತಿತ್ತು. ಅದರ ಸ್ಥಾನದಲ್ಲಿ 9 ಚೀನೀ ಅಕ್ಷರಗಳು, ಆ ಲಿಪಿಯ ಫಾಂಟ್ ಇಲ್ಲದ ಯಂತ್ರದಲ್ಲಿ ಖಾಲಿ ಚೌಕಗಳು, ಕಾಣಿಸುತ್ತಿದ್ದವು.

ಆ ಸಾಲಿನ ಅರ್ಥ ‘ಬುಷ್ ಸತ್ಯಾಂಶಗಳನ್ನು ಮರೆಮಾಚಿದರು’ ಎಂದು. ಅಂದು ಅಮೆರಿಕದ ಅಧ್ಯಕ್ಷರಾಗಿದ್ದವರು ಜಾರ್ಜ್ ಡಬ್ಲ್ಯೂ. ಬುಷ್. ಅಧ್ಯಕ್ಷರ ವಿರುದ್ಧದ ಮಾತನ್ನು ತಂತ್ರಾಂಶವೇ ಅಳಿಸಿಹಾಕುತ್ತಿದೆ, ಇದರ ಹಿಂದೆ ಗುಪ್ತ ಸಂಚಿದೆ ಎಂಬ ಮಾತು ಹರಡಿತು. ಕಣ್ಣಿಗೆ ಕಂಡದ್ದು ನಿಜವೇ ಆಗಿತ್ತು. ಯಾರು ಬೇಕಾದರೂ ತಮ್ಮ ಯಂತ್ರದಲ್ಲಿ ಮಾಡಿ ನೋಡಬಹುದಾಗಿತ್ತು. ತಪ್ಪಿದ್ದು ಕಾರಣದ ವಿಷಯದಲ್ಲಿ.

ಈ ಸಂಶಯವನ್ನು ನಿವಾರಿಸಿದ್ದು ವಾದವಲ್ಲ, ಪರೀಕ್ಷೆ. ಸಾಲಿನ ಅರ್ಥವನ್ನು ಬದಲಿಸಿ, ಅಕ್ಷರಗಳ ಎಣಿಕೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡು ನೋಡಲಾಯಿತು. ಮೂಲ ಸಾಲಿನಲ್ಲಿ ಕ್ರಮವಾಗಿ 4, 3, 3 ಮತ್ತು 5 ಇಂಗ್ಲಿಷ್ ಅಕ್ಷರಗಳ ನಾಲ್ಕು ಪದಗಳಿವೆ. ಇದೇ ಅಳತೆಯ ‘ದಿಸ್ ಆ್ಯಪ್ ಕ್ಯಾನ್ ಬ್ರೇಕ್’ ಎಂಬ ಸಾಲೂ ಹಾಗೆಯೇ ಮಾಯವಾಯಿತು. ‘ಎಚ್’ ಎಂಬ ಒಂದೇ ಅಕ್ಷರವನ್ನು ಇದೇ ಅಳತೆಯಲ್ಲಿ ಒತ್ತಿದ ಅರ್ಥಹೀನ ಸಾಲೂ ಮಾಯವಾಯಿತು. ಅಧ್ಯಕ್ಷರ ಹೆಸರಿಲ್ಲದೆಯೂ ದೋಷ ಮರುಕಳಿಸಿದ ಮೇಲೆ ಸಂಚಿನ ಮಾತಿಗೆ ಆಧಾರ ಉಳಿಯಲಿಲ್ಲ.

3. ಆ ದೋಷದ ಕಾರಣ

ಬರಿಯ ಪಠ್ಯ ಕಡತದಲ್ಲಿ ತಾನು ಯಾವ ಸಂಕೇತ ಪದ್ಧತಿಯದು ಎಂಬ ಗುರುತು ಅನೇಕ ವೇಳೆ ಇರುವುದಿಲ್ಲ. ಆಗ ಸಂಪಾದಕವು ಕಡತದ ಬೈಟ್‌ಗಳನ್ನು ನೋಡಿ ಊಹಿಸಬೇಕಾಗುತ್ತದೆ. ನೋಟ್‌ಪ್ಯಾಡ್ ಈ ಊಹೆಗಾಗಿ ವಿಂಡೋಸ್‌ನ ಒಂದು ಪರೀಕ್ಷಾ ವಿಧಾನವನ್ನು ಅವಲಂಬಿಸಿತ್ತು. ಎರಡೆರಡು ಬೈಟ್‌ಗಳನ್ನು ಜೋಡಿಯಾಗಿ ತೆಗೆದುಕೊಂಡಾಗ ಜೋಡಿಯ ಒಂದು ಬದಿಯ ಬೈಟ್‌ಗಳು ಹೆಚ್ಚು ಏರಿಳಿದು, ಇನ್ನೊಂದು ಬದಿಯವು ಹೆಚ್ಚುಕಡಿಮೆ ಸ್ಥಿರವಾಗಿದ್ದರೆ ಅದು ಯುಟಿಎಫ್-16 ಕಡತವಿರಬಹುದು ಎಂಬುದು ಆ ಪರೀಕ್ಷೆಯ ತರ್ಕ. ತರ್ಕ ತಪ್ಪಲ್ಲ. ಕನ್ನಡದ ಕಡತದಲ್ಲಿಯೂ ಪ್ರತಿ ಜೋಡಿಯ ಒಂದು ಬೈಟ್ ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಏಕೆಂದರೆ ಅಕ್ಷರಗಳೆಲ್ಲ ಒಂದೇ ಸಂಖ್ಯಾ ವಲಯದವು.

ಆದರೆ 4, 3, 3, 5 ಅಳತೆಯ ಸಾಲಿನಲ್ಲಿ ಪದಗಳ ನಡುವಿನ ಖಾಲಿ ಜಾಗಗಳು 5, 9 ಮತ್ತು 13ನೆಯ ಸ್ಥಾನಗಳಲ್ಲಿ ಬೀಳುತ್ತವೆ. ಮೂರೂ ಬೆಸ ಸ್ಥಾನಗಳು. ಅಂದರೆ ಮೂರೂ ತಮ್ಮ ತಮ್ಮ ಜೋಡಿಯ ಮೊದಲ ಬದಿಯಲ್ಲಿಯೇ ಇರುತ್ತವೆ. ಖಾಲಿ ಜಾಗದ ಸಂಖ್ಯೆ 32, ಇಂಗ್ಲಿಷಿನ ಸಣ್ಣಕ್ಷರಗಳ ಸಂಖ್ಯೆ 97ರಿಂದ 122. ಹೀಗಾಗಿ ಮೊದಲ ಬದಿಯಲ್ಲಿ ಸಂಖ್ಯೆಗಳು ತೀವ್ರವಾಗಿ ಏರಿಳಿದವು, ಎರಡನೆಯ ಬದಿಯಲ್ಲಿ ಹತ್ತಿರ ಹತ್ತಿರವೇ ಉಳಿದವು. ಪರೀಕ್ಷೆಯು ಇದನ್ನು ಯುಟಿಎಫ್-16 ಎಂದು ಭ್ರಮಿಸಿತು. 18 ಬೈಟ್‌ಗಳು 9 ಜೋಡಿಗಳಾದವು.

ಮೊದಲ ಜೋಡಿಯನ್ನೇ ಲೆಕ್ಕ ಹಾಕಬಹುದು. ದೊಡ್ಡಕ್ಷರ ‘ಬಿ’ಯ ಸಂಖ್ಯೆ 66, ಸಣ್ಣಕ್ಷರ ‘ಯು’ವಿನ ಸಂಖ್ಯೆ 117. ವಿಂಡೋಸ್ ಓದುವ ಕ್ರಮದಲ್ಲಿ ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದನ್ನು ಕೂಡಿಸಬೇಕು. ಬರುವ ಮೊತ್ತ 30018. ಯೂನಿಕೋಡ್‌ನಲ್ಲಿ 19968ರಿಂದ 40959ರವರೆಗಿನ ವಲಯ ಚೀನೀ ಅಕ್ಷರಗಳದ್ದು. ಉಳಿದ 8 ಜೋಡಿಗಳೂ ಅದೇ ವಲಯಕ್ಕೆ ಸೇರುತ್ತವೆ. ಮೊದಲ ಪದದಿಂದ ಒಂದು ಅಕ್ಷರವನ್ನು ತೆಗೆದರೆ ಖಾಲಿ ಜಾಗಗಳು 4, 8 ಮತ್ತು 12ನೆಯ ಸ್ಥಾನಗಳಿಗೆ, ಅಂದರೆ ಇನ್ನೊಂದು ಬದಿಗೆ ಸರಿಯುತ್ತವೆ. ದೋಷವೂ ಕಾಣೆಯಾಗುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಕಡತದೊಳಗಿನ ಬರಹಕ್ಕೆ ಏನೂ ಆಗಿರಲಿಲ್ಲ. 18 ಬೈಟ್‌ಗಳೂ ಇದ್ದಂತೆಯೇ ಇದ್ದವು. ನೋಟ್‌ಪ್ಯಾಡ್‌ನ ‘ಓಪನ್’ ಕಿಟಕಿಯಲ್ಲಿ ಎನ್‌ಕೋಡಿಂಗ್ ಅನ್ನು ‘ಆನ್ಸಿ’ ಎಂದು ಆಯ್ದು ತೆರೆದರೆ ಮೂಲ ಸಾಲು ಮರಳಿ ಕಾಣಿಸುತ್ತಿತ್ತು. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ಟಾದಲ್ಲಿ ಈ ದೋಷವನ್ನು ಸರಿಪಡಿಸಲಾಯಿತು.

4. ಕನ್ನಡ ಬರಹಕ್ಕೆ ಒದಗುವ ಇನ್ನೂ ದೊಡ್ಡ ಅಪಾಯ

ಮೇಲಿನ ಉದಾಹರಣೆಯಲ್ಲಿ ದೋಷವಿದ್ದದ್ದು ಓದುವುದರಲ್ಲಿ. ಉಳಿಸುವುದರಲ್ಲಿಯೇ ದೋಷವಾದರೆ ಪರಿಣಾಮ ಬೇರೆ.

ಹಳೆಯ ವಿಂಡೋಸ್‌ಗಳ ನೋಟ್‌ಪ್ಯಾಡ್ ಹೊಸ ಕಡತವನ್ನು ಆನ್ಸಿ ಪದ್ಧತಿಯಲ್ಲಿ ಉಳಿಸಲು ತಾನಾಗಿಯೇ ಸಿದ್ಧವಾಗಿರುತ್ತದೆ. ಯೂನಿಕೋಡ್ ಕನ್ನಡದಲ್ಲಿ ಬರೆದು ಸೇವ್ ಒತ್ತಿದಾಗ, ಹೀಗೆ ಉಳಿಸಿದರೆ ಅಕ್ಷರಗಳು ನಷ್ಟವಾಗುತ್ತವೆ ಎಂಬ ಎಚ್ಚರಿಕೆ ಇಂಗ್ಲಿಷಿನಲ್ಲಿ ಕಾಣಿಸಿಕೊಳ್ಳುತ್ತದೆ. ಕೆಲಸದ ಒತ್ತಡದಲ್ಲಿ ಅದನ್ನು ಓದದೆ ‘ಓಕೆ’ ಒತ್ತುವುದು ಸಾಮಾನ್ಯ. ಆಗ ಆನ್ಸಿ ಕೋಷ್ಟಕದಲ್ಲಿ ಸ್ಥಳವಿಲ್ಲದ ಪ್ರತಿ ಕನ್ನಡ ಚಿಹ್ನೆಯ ಬದಲಿಗೆ ಒಂದು ಪ್ರಶ್ನಾರ್ಥಕ ಚಿಹ್ನೆ ಕಡತದಲ್ಲಿ ಬರೆಯಲ್ಪಡುತ್ತದೆ.

‘ಗ್ರಾಮ ಸಭೆ’ ಎಂದು ಬರೆದು ಉಳಿಸಿದ ಕಡತವನ್ನು ಮರಳಿ ತೆರೆದರೆ ‘????? ???’ ಎಂದು ಕಾಣುತ್ತದೆ. ‘ಗ್ರಾಮ’ ಪದದಲ್ಲಿ ಗಕಾರ, ಅದರ ಒತ್ತನ್ನು ಸಾಧಿಸುವ ಅರ್ಧಾಕ್ಷರ ಚಿಹ್ನೆ, ರಕಾರ, ದೀರ್ಘದ ಚಿಹ್ನೆ, ಮಕಾರ ಎಂಬ 5 ಸಂಖ್ಯೆಗಳಿವೆ. ‘ಸಭೆ’ ಪದದಲ್ಲಿ 3 ಸಂಖ್ಯೆಗಳಿವೆ. ಎಣಿಕೆ ಸರಿಯಾಗಿ ಹೊಂದುತ್ತದೆ. ಹೀಗೆ ಹೊಂದುವುದೇ ಕಾರಣ ಯಾವುದೆಂಬುದಕ್ಕೆ ಪುರಾವೆ.

ಇಲ್ಲಿ ಮೂಲ ಸಂಖ್ಯೆಗಳೇ ಅಳಿದುಹೋಗಿವೆ. ಐದು ಪ್ರಶ್ನಾರ್ಥಕ ಚಿಹ್ನೆಗಳು ‘ಗ್ರಾಮ’ವೋ ಬೇರೊಂದು ಪದವೋ ಎಂದು ಹೇಳಬಲ್ಲ ತಂತ್ರಾಂಶ ಯಾವುದೂ ಇಲ್ಲ. ಆದರೆ ಒಂದು ಅವಕಾಶ ಉಳಿದಿರುತ್ತದೆ. ಉಳಿಸಿದ ನಂತರವೂ ಕಿಟಕಿ ಮುಚ್ಚುವವರೆಗೆ ಪರದೆಯ ಮೇಲೆ ಕನ್ನಡ ಸರಿಯಾಗಿಯೇ ಕಾಣುತ್ತಿರುತ್ತದೆ. ಆಗಲೇ ‘ಸೇವ್ ಆ್ಯಸ್’ ಮೂಲಕ ಯುಟಿಎಫ್-8 ಆಯ್ದು ಮತ್ತೊಂದು ಹೆಸರಿನಲ್ಲಿ ಉಳಿಸಿದರೆ ಬರಹ ಉಳಿಯುತ್ತದೆ. ಪರದೆಯ ಮೇಲೆ ಸರಿಯಾಗಿ ಕಂಡಿತೆಂಬ ಕಾರಣಕ್ಕೆ ಕಡತವೂ ಸರಿಯಾಗಿದೆ ಎಂದು ಭಾವಿಸಬಾರದು. ಮುಚ್ಚಿ, ಮತ್ತೆ ತೆರೆದು ನೋಡಿದಾಗಲೇ ಅದು ಖಚಿತ.

2019ರ ಮೇ ತಿಂಗಳ ವಿಂಡೋಸ್ 10 ಪರಿಷ್ಕರಣೆಯ ನಂತರ ನೋಟ್‌ಪ್ಯಾಡ್ ಹೊಸ ಕಡತಗಳನ್ನು ಯುಟಿಎಫ್-8ರಲ್ಲಿಯೇ ಉಳಿಸುತ್ತದೆ. ಯಾವ ಪದ್ಧತಿ ಬಳಕೆಯಲ್ಲಿದೆ ಎಂಬುದು ಕಿಟಕಿಯ ಕೆಳಪಟ್ಟಿಯಲ್ಲಿ ಕಾಣುತ್ತದೆ. ಹಳೆಯ ವಿಂಡೋಸ್ ಇನ್ನೂ ಬಳಕೆಯಲ್ಲಿರುವ ಕಚೇರಿಗಳಲ್ಲಿ ಮಾತ್ರ ಈ ಅಪಾಯ ಹಾಗೆಯೇ ಇದೆ.

5. ಲಕ್ಷಣದಿಂದ ಕಾರಣವನ್ನು ಗುರುತಿಸುವುದು

ಕೆಟ್ಟು ಕಂಡ ಬರಹದ ರೂಪವೇ ಬಹುಮಟ್ಟಿಗೆ ಕಾರಣವನ್ನು ತಿಳಿಸುತ್ತದೆ.

ಅ) ಸಾಲುಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು: ಉಳಿಸುವಾಗಲೇ ಅಕ್ಷರಗಳು ನಷ್ಟವಾಗಿರುವ ಸಂಭವ ಹೆಚ್ಚು. ಆ ಕಡತದಲ್ಲಿ ಹುಡುಕದೆ, ಹಿಂದಿನ ಪ್ರತಿ, ಮುದ್ರಿತ ಪ್ರತಿ, ಇ-ಮೇಲ್‌ನಲ್ಲಿ ಕಳುಹಿಸಿದ ಪ್ರತಿಗಳನ್ನು ಹುಡುಕಬೇಕು.

ಆ) ಖಾಲಿ ಚೌಕಗಳು: ಬರಹ ಸುರಕ್ಷಿತವಾಗಿರುತ್ತದೆ. ಆ ಯಂತ್ರದಲ್ಲಿ ಸೂಕ್ತ ಫಾಂಟ್ ಇಲ್ಲ. ಕಡತವನ್ನು ಬೇರೊಂದು ಯಂತ್ರದಲ್ಲಿ ತೆರೆದು ನೋಡಬೇಕು.

ಇ) ಬಿಡಿಬಿಡಿಯಾದ ರೋಮನ್ ಅಕ್ಷರಗಳು: ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಬರೆದ ಕಡತವಿರಬಹುದು. ಆ ಫಾಂಟ್‌ಗಳು ರೋಮನ್ ಅಕ್ಷರಗಳ ಸಂಖ್ಯೆಗಳಿಗೆ ಕನ್ನಡದ ಆಕಾರಗಳನ್ನು ತೊಡಿಸಿದ್ದವು. ಫಾಂಟ್ ಇಲ್ಲದ ಯಂತ್ರದಲ್ಲಿ ಆ ತೊಡಿಗೆ ಕಳಚಿಬೀಳುತ್ತದೆ. ಬರಹ ಸುರಕ್ಷಿತವಾಗಿದ್ದು, ಪರಿವರ್ತಕದ ಮೂಲಕ ಅದನ್ನು ಯೂನಿಕೋಡ್‌ಗೆ ತರಬಹುದು.

ಈ) ಒಂದೊಂದು ಕನ್ನಡ ಚಿಹ್ನೆಗೆ ಮೂರರಂತೆ ವಿಚಿತ್ರ ಚಿಹ್ನೆಗಳು, ಅವುಗಳಲ್ಲಿ ತಲೆಯ ಮೇಲೆ ಗೆರೆಯುಳ್ಳ ರೋಮನ್ ‘ಎ’ ಪದೇ ಪದೇ ಕಾಣುವುದು: ಯುಟಿಎಫ್-8 ಕಡತವನ್ನು ಆನ್ಸಿ ಎಂದು ಓದಲಾಗುತ್ತಿದೆ. ಪಟ್ಟಿಗಳನ್ನು ಎಕ್ಸೆಲ್‌ನಲ್ಲಿ ತೆರೆಯುವಾಗ ಹೀಗಾಗುವುದುಂಟು. ಬರಹ ಸುರಕ್ಷಿತವಾಗಿರುತ್ತದೆ. ಪದ್ಧತಿಯನ್ನು ಯುಟಿಎಫ್-8 ಎಂದು ಆಯ್ದು ತೆರೆಯಬೇಕು.

ಎಲ್ಲ ಸಂದರ್ಭಗಳಿಗೂ ಅನ್ವಯಿಸುವ ನಿಯಮ ಒಂದೇ: ಕೆಟ್ಟು ಕಂಡ ಕಡತವನ್ನು ಮತ್ತೆ ಸೇವ್ ಮಾಡಬಾರದು. ಮೊದಲು ಅದರ ಒಂದು ನಕಲನ್ನು ಪ್ರತ್ಯೇಕವಾಗಿ ಇಟ್ಟು, ಪರೀಕ್ಷೆಗಳನ್ನೆಲ್ಲ ಆ ನಕಲಿನ ಮೇಲೆ ನಡೆಸಬೇಕು.

6. ದೋಷವನ್ನು ಮರುಕಳಿಸುವ ಕ್ರಮ

ಒಮ್ಮೆ ಮಾತ್ರ ಕಂಡು ಮಾಯವಾದ ದೋಷವನ್ನು ಸರಿಪಡಿಸುವುದು ಬಹು ಕಷ್ಟ. ಬೇಕೆಂದಾಗ ಕಾಣಿಸಬಲ್ಲ ದೋಷ ಅರ್ಧ ಸರಿಯಾದಂತೆಯೇ. ಅದಕ್ಕಾಗಿ ಅನುಸರಿಸಬೇಕಾದ ಹಂತಗಳು ಇವು.

ಮೊದಲನೆಯದು, ಮಾಡಿದ ಕೆಲಸವನ್ನು ಕ್ರಮವಾಗಿ ಬರೆದಿಡುವುದು. ಯಾವ ತಂತ್ರಾಂಶವನ್ನು ತೆರೆಯಲಾಯಿತು, ಯಾವ ಕೀಲಿಮಣೆ ವಿನ್ಯಾಸದಲ್ಲಿ ಬರೆಯಲಾಯಿತು, ಉಳಿಸುವಾಗ ಯಾವ ಆಯ್ಕೆ ಇತ್ತು, ಯಾವ ಎಚ್ಚರಿಕೆ ಕಾಣಿಸಿತು ಎಂಬುದೆಲ್ಲವೂ ಅದರಲ್ಲಿರಬೇಕು.

ಎರಡನೆಯದು, ಹೊಸ ಕಡತವೊಂದರಲ್ಲಿ ಅದೇ ಕ್ರಮವನ್ನು ಪುನಃ ನಡೆಸಿ ನೋಡುವುದು. ದೋಷ ಮರುಕಳಿಸದಿದ್ದರೆ ಯಾವುದೋ ಒಂದು ಹಂತ ಬರವಣಿಗೆಯಲ್ಲಿ ಬಿಟ್ಟುಹೋಗಿದೆ ಎಂದು ತಿಳಿಯಬೇಕು.

ಮೂರನೆಯದು, ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸುವುದು. ಯಂತ್ರ, ಫಾಂಟ್, ತಂತ್ರಾಂಶ ಮೂರನ್ನೂ ಒಟ್ಟಿಗೆ ಬದಲಿಸಿದಾಗ ದೋಷ ಹೋದರೂ ಯಾವುದರಿಂದ ಹೋಯಿತೆಂಬುದು ತಿಳಿಯದು.

ನಾಲ್ಕನೆಯದು, ಅರ್ಧ ಮಾಡುತ್ತ ಹೋಗುವುದು. ಕುಡಿಯುವ ನೀರಿನ ಕೊಳವೆ ಸಾಲಿನಲ್ಲಿ ಎಲ್ಲಿಯೋ ಸೋರಿಕೆಯಿದ್ದರೆ ನೀರುಗಂಟಿಗಳು ಊರುದ್ದಕ್ಕೂ ನೆಲ ಅಗೆಯುವುದಿಲ್ಲ. ನಡುವಿನ ವಾಲ್ವ್ ಮುಚ್ಚಿ, ಸೋರಿಕೆ ಮೇಲಿನ ಭಾಗದಲ್ಲಿದೆಯೋ ಕೆಳಗಿನ ಭಾಗದಲ್ಲಿದೆಯೋ ನೋಡುತ್ತಾರೆ. ಬಳಿಕ ಆ ಭಾಗದ ನಡುವಿನ ವಾಲ್ವ್ ಮುಚ್ಚುತ್ತಾರೆ. ಸಂಪಾದಕವು ಒಂದು ಕಡತವನ್ನು ತೆರೆದೊಡನೆ ಸ್ತಬ್ಧವಾಗುತ್ತಿದ್ದರೆ, ಬೇರೆ ತಂತ್ರಾಂಶದ ಮೂಲಕ ಅದರ ನಕಲನ್ನು ಎರಡು ಭಾಗ ಮಾಡಿ, ದೋಷ ಯಾವ ಭಾಗದಲ್ಲಿ ಉಳಿಯಿತೆಂದು ನೋಡಬೇಕು. 64 ಸಾಲುಗಳ ಕಡತದಲ್ಲಿ ದೋಷಕ್ಕೆ ಕಾರಣವಾದ ಒಂದು ಸಾಲನ್ನು ಹೀಗೆ 6 ಬಾರಿಯ ವಿಭಜನೆಯಲ್ಲಿ ತಲುಪಬಹುದು.

ಐದನೆಯದು, ದೊರೆತ ಕಾರಣವನ್ನು ವಿರುದ್ಧ ದಿಕ್ಕಿನಿಂದಲೂ ಪರೀಕ್ಷಿಸುವುದು. ಅದನ್ನು ತೆಗೆದರೆ ದೋಷ ಹೋಗಬೇಕು, ಮರಳಿ ಸೇರಿಸಿದರೆ ದೋಷ ಬರಬೇಕು. ಎರಡೂ ಆದಾಗ ಮಾತ್ರ ಕಾರಣ ಸಿದ್ಧವಾದಂತೆ.

7. ದೂರಿನಲ್ಲಿ ಇರಬೇಕಾದ ವಿವರ

‘ಕನ್ನಡ ಬರುತ್ತಿಲ್ಲ, ಸರಿಪಡಿಸಿ ಕೊಡಬೇಕು’ ಎಂಬ ಒಂದು ಸಾಲಿನ ದೂರಿನಿಂದ ತಾಂತ್ರಿಕ ಸಿಬ್ಬಂದಿಗೆ ಏನೂ ತಿಳಿಯುವುದಿಲ್ಲ. ದೂರಿನಲ್ಲಿ ವಿಂಡೋಸ್‌ನ ಆವೃತ್ತಿ, ಸಂಪಾದಕದ ಹೆಸರು, ಕನ್ನಡ ಬರೆಯಲು ಬಳಸಿದ ತಂತ್ರಾಂಶ, ಅನುಸರಿಸಿದ ಹಂತಗಳು, ಕಾಣಬೇಕಾಗಿದ್ದುದು, ಕಂಡದ್ದು, ಪ್ರತಿ ಬಾರಿಯೂ ಹೀಗಾಗುವುದೋ ಆಗೊಮ್ಮೆ ಈಗೊಮ್ಮೆಯೋ, ಬೇರೆ ಯಂತ್ರದಲ್ಲಿಯೂ ಆಗುವುದೋ ಎಂಬ ವಿವರಗಳಿರಬೇಕು.

ಉದಾಹರಣೆಗೆ: ‘ವಿಂಡೋಸ್ 7, ನೋಟ್‌ಪ್ಯಾಡ್. ಯೂನಿಕೋಡ್‌ನಲ್ಲಿ ಗ್ರಾಮ ಸಭೆ ಎಂದು ಬರೆದು, ಆನ್ಸಿ ಆಯ್ಕೆಯಲ್ಲಿ ಉಳಿಸಿ, ಮುಚ್ಚಿ ತೆರೆದಾಗ 5 ಮತ್ತು 3 ಪ್ರಶ್ನಾರ್ಥಕ ಚಿಹ್ನೆಗಳು ಕಂಡವು. ಮೂರು ಬಾರಿಯೂ ಹಾಗೆಯೇ ಆಯಿತು. ಯುಟಿಎಫ್-8 ಆಯ್ಕೆಯಲ್ಲಿ ಉಳಿಸಿದಾಗ ಸರಿಯಾಗಿ ಕಂಡಿತು.’ ಈ ದೂರಿನಲ್ಲಿ ಪರಿಹಾರವೂ ಅಡಗಿದೆ.

ಮಾದರಿಗಾಗಿ ಕಳುಹಿಸುವ ಕಡತದಲ್ಲಿ ಫಲಾನುಭವಿಗಳ ಹೆಸರು, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರಗಳನ್ನು ಇಡಬಾರದು. ದೋಷವನ್ನು ತೋರಿಸಲು ಎರಡು ಪದಗಳು ಸಾಕಾಗುವಾಗ ಇಡೀ ಪಟ್ಟಿಯನ್ನು ಹೊರಗೆ ಕಳುಹಿಸುವುದು ಸರಿಯಲ್ಲ.

8. ಸದಸ್ಯರು ವಹಿಸಬಹುದಾದ ಪಾತ್ರ

ಯೂನಿಕೋಡ್ ಕಡತವನ್ನು ಯುಟಿಎಫ್-8ರಲ್ಲಿಯೇ ಉಳಿಸುವ, ಉಳಿಸಿದ ಮೇಲೆ ಮುಚ್ಚಿ ತೆರೆದು ನೋಡುವ ಹಾಗೂ ಅಂತಿಮ ನಡಾವಳಿಯ ಪಿಡಿಎಫ್ ಪ್ರತಿಯನ್ನು ಬೇರೆಡೆ ಇಡುವ ರೂಢಿ ಕಚೇರಿಯಲ್ಲಿದೆಯೇ ಎಂದು ಸದಸ್ಯರು ವಿಚಾರಿಸಬಹುದು. ಈ ಮೂರಕ್ಕೂ ಹಣದ ಖರ್ಚಿಲ್ಲ.

ದಾಖಲೆ ಕೆಟ್ಟು ಕಂಡಾಗ ಸಭೆಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ‘ಇದನ್ನು ಮಾಡಿದವರು ಯಾರು?’ ಎಂಬುದಲ್ಲ, ‘ಇದನ್ನು ಮತ್ತೊಮ್ಮೆ ಮಾಡಿ ತೋರಿಸಬಹುದೇ?’ ಎಂಬುದು. ಸದಸ್ಯರ ಎದುರಿನಲ್ಲಿಯೇ ಎರಡು ಪದಗಳನ್ನು ಬರೆದು, ಉಳಿಸಿ, ತೆರೆದು ತೋರಿಸಿದಾಗ ಅದೇ ಚಿಹ್ನೆಗಳು ಕಂಡರೆ, ಅಕ್ಷರಗಳು ಕೆಟ್ಟದ್ದಕ್ಕೆ ತಂತ್ರಾಂಶದ ಆಯ್ಕೆಯೇ ಸಾಕಾದ ಕಾರಣವೆಂಬುದು ಎಲ್ಲರಿಗೂ ಕಣ್ಣಾರೆ ತಿಳಿಯುತ್ತದೆ. ನಿರಪರಾಧಿ ನೌಕರರ ಮೇಲಿನ ಸಂಶಯ ಅಲ್ಲಿಗೆ ತಪ್ಪುತ್ತದೆ.

ಇದೇ ತಿಳಿವಳಿಕೆ ಇನ್ನೊಂದು ದಿಕ್ಕಿನಲ್ಲಿಯೂ ಉಪಯುಕ್ತ. ಸಂಕೇತ ಪದ್ಧತಿಯ ದೋಷವು ಅಕ್ಷರಗಳನ್ನು ಓದಲಾಗದಂತೆ ಮಾಡಬಲ್ಲದು. ಆದರೆ ಅದು ಒಬ್ಬರ ಹೆಸರನ್ನು ತೆಗೆದು ಮತ್ತೊಬ್ಬರ ಹೆಸರನ್ನು ಸೇರಿಸಲಾರದು, ನಿರ್ಣಯದ ಮೊತ್ತವನ್ನು ಬೇರೊಂದು ಮೊತ್ತವಾಗಿ ತಿದ್ದಲಾರದು. ಅಂತಹ ಬದಲಾವಣೆ ಕಂಡುಬಂದಲ್ಲಿ ‘ತಂತ್ರಾಂಶದ ದೋಷ’ ಎಂಬ ಸಮಜಾಯಿಷಿಯನ್ನು ಒಪ್ಪದೆ, ಸಹಿಯಾದ ನಡಾವಳಿ ಪುಸ್ತಕದೊಂದಿಗೆ ಹೋಲಿಸಿ ವಿಚಾರಣೆ ನಡೆಸಲು ಒತ್ತಾಯಿಸುವುದು ಸದಸ್ಯರ ಕರ್ತವ್ಯ.